ದೊಣೆಯ ರಾಡಿ

ತಾಯಂದಿರೇ, ಅಣ್ಣತಮ್ಮಂದಿರೇ, ಒಂದು ಊರು. ಆ ಊರಿಗೊಬ್ಬ ಶ್ರೀಮಂತ. ಕೆಟ್ಟವನಲ್ಲ, ನೋಡಿ. ಸಾವ್ಕಾರ ಅಂದ ಕೂಡಲೇ ಕೆಟ್ಟವನೆಂದು ನಾವು ತೀರ್ಮಾನ ಮಾಡಿಬಿಡುತ್ತೇವೆ. ಇವನು ಹಬ್ಬದ ದಿನ ಓಣಿಯ ಮಕ್ಕಳನ್ನೆಲ್ಲ ಕೂಡಿಸಿ ಹೋಳಿಗೆ ಬಡಿಸುವವನು.

ಊರ ಹಿಂದೆ ಒಂದು ಕಲ್ಲುಗುಡ್ಡವಿತ್ತು. ಅದು ಯಾರೊಬ್ಬರದೂ ಅಲ್ಲ, ಎಲ್ಲರದು. ಅದರ ನೆತ್ತಿಯ ಮೇಲೆ ಬಂಡೆಗಳ ನಡುವೆ ಮಳೆನೀರು ನಿಲ್ಲುವ ಹೊಂಡ. ಅದಕ್ಕೆ ದೊಣೆ ಎನ್ನುತ್ತಿದ್ದರು. ಕೆಳಗಿನ ಹಳ್ಳವೆಲ್ಲ ಒಣಗಿದರೂ ದೊಣೆಯಲ್ಲಿ ಕುರಿಗಳಿಗೆ ನೀರಿರುತ್ತಿತ್ತು. ಹೇಗೆ? ಗುಡ್ಡ ಹತ್ತಿದವರು ಯಾರೇ ಆಗಲಿ, ಇಳಿಯುವ ಮುಂಚೆ ದೊಣೆಗೆ ಕೈ ಹಾಕಿ ತಳದಲ್ಲಿ ಕೂತ ಕೆಸರು, ಅಂದರೆ ರಾಡಿ, ಒಂದು ಬೊಗಸೆ ತೆಗೆದು ಆಚೆ ಚೆಲ್ಲಬೇಕು. ಸೌದೆಗೆ ಹೋದವಳೂ ಅಷ್ಟೆ, ಸೀತಾಫಲಕ್ಕೆ ಹೋದ ಮಗುವೂ ಅಷ್ಟೆ, ರೇಷ್ಮೆ ಸೀರೆಯುಟ್ಟ ಹೊಸ ಮದುಮಗಳೂ ಅಷ್ಟೆ. ಮಗು ಮನೆಗೆ ಬಂದರೆ ತಾಯಿ ಮೊದಲು ಕೇಳುತ್ತಿದ್ದದ್ದು ಊಟದ ಮಾತಲ್ಲ, "ಕೈ ಹಾಕಿ ಬಂದಿಯೇನು?"

ಬರಬರುತ್ತ ಪಟ್ಟಣದವರು ಗುಡ್ಡ ನೋಡಲು ಬಂದರು. ಬಾಟಲಿ ಬಿಸಾಕಿದರು, ಬಂಡೆಯ ಮೇಲೆ ಹೆಸರು ಬರೆದರು. ಸಾವ್ಕಾರನಿಗೆ ಅದನ್ನು ನೋಡಲಾಗಲಿಲ್ಲ. ಪಂಚಾಯಿತಿಯಲ್ಲಿ ಕೂತು, ಗುಡ್ಡದ ಬುಡಕ್ಕೆ ಗೇಟು ಹಾಕೋಣ, ಹತ್ತುವವರಿಗೆಲ್ಲ ದುಡ್ಡಿನ ಚೀಟಿ ಮಾಡೋಣ, ಆ ದುಡ್ಡಿನಲ್ಲಿ ಗುಡ್ಡ ಕಾಯೋಣ ಎಂದ. ಹುಟ್ಟಿದಾಗಿನಿಂದ ಹತ್ತಿದ ಗುಡ್ಡಕ್ಕೆ ಚೀಟಿಯೇ ಎಂದು ಅರ್ಧ ಊರು ಕೂಗಾಡಿತು. ಹಾಗಾದರೆ ಕಸ ತೆಗೆಯುವವರು ಯಾರು ಎಂದು ಇನ್ನರ್ಧ ಊರು ಕೇಳಿತು. ಚೀಟಿಯವರೇ ಗೆದ್ದರು. ಉಸ್ತುವಾರಿ ಸಾವ್ಕಾರನಿಗೇ ಬಂತು. ದೊಡ್ಡದೊಂದು ತಗಡಿನ ಗೇಟು ನಿಂತಿತು.

ಕುರಿ ಕಾಯುವ ಮಾಳವ್ವ ಹಿಂಡಿನೊಂದಿಗೆ ಗೇಟಿನ ಮುಂದೆ ಬಂದಳು. ದೊಣೆಯ ನೀರಿಲ್ಲದೆ ಅವಳ ಕುರಿಗಳು ಬೇಸಿಗೆ ದಾಟುವುದಿಲ್ಲ. ಅವಳ ಮುಖ ನೋಡಿ ಸಾವ್ಕಾರನಿಗೆ ಕನಿಕರವಾಯಿತು. ನಿನಗೆ ಚೀಟಿ ಬೇಡ, ಬಿಟ್ಟಿ ಹೋಗು ಎಂದ.

"ಬಿಟ್ಟಿ ಬ್ಯಾಡ್ರಿ ಸಾವ್ಕಾರ್ರ," ಎಂದಳು ಮಾಳವ್ವ. "ಇವತ್ತ ಬಿಟ್ಟಿ ಒಳಗ ಬಿಟ್ಟಾವ ನಾಳೆ ಹೊರಗ ದಬ್ಬತಾನ. ನಮ್ಮ ಗುಡ್ಡಕ್ಕ ನೀವು ನಮ್ಮನ್ನ ಬಿಡೂದೇನ್ ಐತಿ?"

ಸಾವ್ಕಾರ ನಕ್ಕುಬಿಟ್ಟ. ಅವಳು ಕುರಿಗಳನ್ನು ಹಿಂಬದಿಯ ಕಡಿದಾದ ಜಾಡಿನಲ್ಲಿ ಹತ್ತಿಸಿದಳು. ಆದರೆ ಆ ಮಾತು ಸಾವ್ಕಾರನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು.

ಈಗ ಕೇಳಿ. ಗುಡ್ಡ ಸ್ವಚ್ಛವಾಯಿತು. ಬಾಟಲಿ ಹೆಕ್ಕಲು ಕೂಲಿಯವರು ಬಂದರು. ಸಾವ್ಕಾರನಿಗೆ ಹೆಮ್ಮೆಯೋ ಹೆಮ್ಮೆ. ಹೀಗಿರುವಾಗ ಬೇಸಿಗೆಯಲ್ಲಿ ಒಂದು ದಿನ, ಬಹಳ ಕಾಲದ ಮೇಲೆ, ತಾನೇ ಗುಡ್ಡ ಹತ್ತಿದ. ಹತ್ತಿ ನೋಡುತ್ತಾನೆ, ದೊಣೆಯಲ್ಲಿ ನೀರೆಲ್ಲಿ? ಬರೀ ರಾಡಿ. ಮಾಳವ್ವನ ಕುರಿಗಳು ಮೊಣಕಾಲುದ್ದ ಕೆಸರಿನಲ್ಲಿ ನಿಂತು ಒದರುತ್ತಿದ್ದವು. ಅವಳು ಒಂದೊಂದನ್ನೇ ಕಿವಿ ಹಿಡಿದು ಎಳೆಯುತ್ತಿದ್ದಳು.

ಅಷ್ಟರಲ್ಲಿ ಊರ ಮಾಸ್ತರು ಗುಡ್ಡ ಸುತ್ತಿ ಇಳಿಯಲು ಹೊರಟಿದ್ದರು. ದೊಣೆಗೆ ಕೈ ಹಾಕದೆ ಹೊರಟಿರಲ್ಲ ಎಂದು ಸಾವ್ಕಾರ ರೇಗಿದ.

"ಚೀಟಿ ತಗೊಂಡೀನಲ್ರೀ," ಎಂದರು ಮಾಸ್ತರು. "ರಾಡಿನೂ ನಾನ ತಗೀಬೇಕೇನು?"

ನೋಡಿ, ಅಲ್ಲಿ ಅವನ ಕಣ್ಣು ತೆರೆಯಿತು. ತಾನು ಮಾರಿದ್ದು ಚೀಟಿಯಲ್ಲ. ಜನರ ಕೈಯಿಂದ ಗುಡ್ಡವನ್ನೇ ಕಿತ್ತುಕೊಂಡಿದ್ದ. ನಿನ್ನೆವರೆಗೂ ಒಡೆಯರಾಗಿದ್ದವರು ಇವತ್ತು ಗಿರಾಕಿಗಳಾಗಿದ್ದರು. ಗಿರಾಕಿ ಅಂಗಡಿಯ ಕಸ ಗುಡಿಸುತ್ತಾನೆಯೇ? ಎಂದಾದರೂ ಗುಡಿಸಿದ್ದುಂಟೇ?

ಸಾವ್ಕಾರ ಚಪ್ಪಲಿ ಬಿಟ್ಟ, ಕಚ್ಚೆ ಮೇಲೆ ಕಟ್ಟಿದ, ದೊಣೆಗೆ ಇಳಿದ.

"ಧೋತರ ರಾಡಿ ಆಗತೈತ್ರಿ," ಎಂದು ಮಾಳವ್ವ ನಕ್ಕಳು.

"ಆಗಲಿ ಬಿಡವ್ವಾ. ಗೇಟ್ ಕೀಳಾಕ ನಾಕ ಮಂದೀನ್ ಕರಿ."

ನಾಲ್ಕು ಮಂದಿಯೇ? ಇಡೀ ಊರು ಬಂತು! ಗೇಟು ಕಿತ್ತು ಬಿಸಾಡಲಿಲ್ಲ. ಹೊತ್ತುಕೊಂಡು ಮೇಲೆ ತಂದು ನೆಲಕ್ಕೆ ಮಲಗಿಸಿದರು, ಅದರ ಮೇಲೆ ರಾಡಿ ಹೇರಿದರು, ಹಗ್ಗ ಕಟ್ಟಿ ಎಳೆದರು. ಜನರನ್ನು ತಡೆದು ನಿಂತಿದ್ದ ಗೇಟು ಈಗ ರಾಡಿಯ ಬಂಡಿ! ಮುಂದೆ ಹಗ್ಗ ಹಿಡಿದವರು ಮಾಸ್ತರು, ಹಿಂದೆ ನೂಕಿದವನು ಸಾವ್ಕಾರ. ಹೆಂಗಸರು ಹಾಡು ಎತ್ತಿಕೊಂಡರು. ನೋಡಲು ಬಂದಿದ್ದ ಪಟ್ಟಣದ ಹುಡುಗಿಯರೂ ಬೂಟು ಬಿಚ್ಚಿಟ್ಟು ಬೊಗಸೆ ಒಡ್ಡಿದರು. ಮಳೆಗಾಲದ ಮೊದಲ ಮಳೆಗೆ ದೊಣೆ ತುಂಬಿ, ಬಂಡೆಯ ಮೇಲಿಂದ ಧುಮುಕಿ, ಊರಿಗೆಲ್ಲ ಕೇಳುವ ಹಾಗೆ ಹರಿಯಿತು. ಮಾಳವ್ವ ಕುರಿಗಳನ್ನು ಗೇಟಿದ್ದ ದಾರಿಯಿಂದಲೇ, ತಲೆಯೆತ್ತಿಕೊಂಡು ಹತ್ತಿಸಿದಳು.

ಕಥೆ ಮುಗಿಯಿತು. ಈಗ ನಿಮ್ಮ ಸರದಿ. ಕೈಯಲ್ಲಿ ಅಧಿಕಾರ ಇದ್ದವರೇ, ಜನರದ್ದನ್ನು ಜನರಿಗೇ ಉಪಕಾರವೆಂಬಂತೆ ಕೊಡಬೇಡಿ. ಉಳಿದವರು, ನಾವು, ಏನು ಮಾಡುತ್ತಿದ್ದೇವೆ? ಉದ್ಯಾನದಲ್ಲಿ ಮಗು ಬಿಸ್ಕತ್ತಿನ ಕಾಗದ ಬಿಸಾಕುತ್ತದೆ. ತಾಯಿ ಏನೆನ್ನುತ್ತಾಳೆ? ಬಿಡು ಕಂದಾ, ಗುಡಿಸುವವರು ಬರುತ್ತಾರೆ. ಆ ಒಂದು ಮಾತಿನಲ್ಲಿ ಮಗುವಿನ ಪಾಲಿನ ಉದ್ಯಾನ ಹೋಯಿತು, ತಾಯೀ! ಬೀದಿಯ ನಲ್ಲಿ ಸೋರುತ್ತದೆ, ತೆರಿಗೆ ಕಟ್ಟಿದ್ದೇನೆ ಎಂದು ದಾಟಿ ಹೋಗುತ್ತೇವೆ. ಕಟ್ಟಿದ್ದು ಸರಿ. ಆದರೆ ಬಗ್ಗಿದೆವೇ? ನಾಳೆಯಿಂದ ನಲ್ಲಿ ನಿಲ್ಲಿಸಿ ಮುಂದೆ ಹೋಗಿ. ಮಗುವಿನ ಕೈ ಹಿಡಿದು ಆ ಕಾಗದ ಹೆಕ್ಕಿಸಿ.

ನಾಳೆ ಏಕೆ? ನಾವೀಗ ಕೂತಿರುವ ಈ ಬಯಲು ಯಾರದು? ಪ್ರಸಾದದ ಎಲೆಗಳು ನಿಮ್ಮ ಸುತ್ತಲೇ ಬಿದ್ದಿವೆ. ಎದ್ದೇಳಿ. ನಾನೂ ವೇದಿಕೆಯಿಂದ ಇಳಿದು ಬರುತ್ತಿದ್ದೇನೆ.