ಎಂಬತ್ತನಾಲ್ಕನ್ನು ಇಳಿಸಬೇಡ ಎಂದವಳು

ಈ ಸಂಜೆಯ ಅಧ್ಯಕ್ಷರೇ, ಮುಖ್ಯೋಪಾಧ್ಯಾಯರೇ, ಹನ್ನೆರಡನೆಯ ತರಗತಿ ಮುಗಿಸಿ ನಿಲುವಂಗಿ ತೊಟ್ಟು ಕುಳಿತಿರುವ ಮಕ್ಕಳೇ, ಕೇಪ್ ಬ್ರೆಟನ್ನಿನ ಈ ತೀರದಲ್ಲಿ ಲಾಬ್‌ಸ್ಟರ್ ಹಿಡಿಯುವ ಹಂಗಾಮಿನ ನಡುವೆಯೂ ಬಿಡುವು ಮಾಡಿಕೊಂಡು ಬಂದಿರುವ ನನ್ನ ಸಭಿಕರೇ,

ನಾನು ಎನಸ್ ಮೆಕ್‌ಆಸ್ಕಿಲ್. ದೋಣಿಯಿಂದ ನೇರವಾಗಿ ಬಂದಿದ್ದೇನೆ. ಮುಂದಿನ ಸಾಲಿನವರಿಗೆ ಅದು ಮೂಗಿನಿಂದಲೇ ಗೊತ್ತಾಗಿರಬೇಕು, ಕ್ಷಮಿಸಿ. ಹತ್ತನೆಯ ತರಗತಿಗೆ ಶಾಲೆ ಬಿಟ್ಟವನನ್ನು ನೀವು ಶಾಲೆಯ ವೇದಿಕೆ ಹತ್ತಿಸಿದ್ದೀರಿ. ನನ್ನ ಹೆಂಡತಿ ಎಫಿ ಇಲ್ಲಿ ಮಕ್ಕಳಿಗೆ ಮುಂದಿನ ಓದಿನ ದಾರಿ ಹೇಳುವ ಟೀಚರಾಗಿದ್ದಳು. ಏಪ್ರಿಲ್‌ನಲ್ಲಿ ತೀರಿಕೊಂಡಳು. ಅವಳ ಹೆಸರಿನ ಮೊದಲ ಬಹುಮಾನವನ್ನು ನಾನು ಇಂದು ನಾಡೀನ್ ಪೆಟಿಪಾಳಿಗೆ ಕೊಡಬೇಕಾಗಿದೆ.

ಗಡಿಯಾಚೆ, ಅಮೆರಿಕದ ಒಂದು ಕಾಲೇಜಿನಲ್ಲಿ ಸಮುದ್ರದ ಜೀವಿಗಳ ಬಗ್ಗೆ ಓದಬೇಕೆಂಬುದು ನಾಡೀನಳ ಆಸೆ. ಅವಳಿಗೆ ಬೇರೆ ಆಸೆ ಇದ್ದದ್ದನ್ನು ನಾನು ಕಂಡಿಲ್ಲ. ಚಳಿಗಾಲದಲ್ಲಿ ಅವಳು ನಮ್ಮ ಮನೆಗೇ ಬಂದಳು, ಏಕೆಂದರೆ ಎಫಿ ಆಗಲೇ ಹಾಸಿಗೆ ಹಿಡಿದಿದ್ದಳು. ಅರ್ಜಿ ಆಗಲೇ ಹೋಗಿಬಿಟ್ಟಿತ್ತು. ಅದರ ಪ್ರತಿ ನೋಡಿ ಎಫಿ ದಿಂಬಿನಿಂದ ಎದ್ದು ಕುಳಿತಳು.

"ಇದೇನೇ ಇದು, ಮೂರು?"

"ನಿನ್ನ ಗ್ರೇಡು ನಾಲ್ಕಕ್ಕೆ ಎಷ್ಟು ಅಂತ ಕೇಳಿದ್ರು ಮಿಸ್. ಅವರ ಕಡೆ ಪಟ್ಟಿ ನೋಡಿ ಇಳಿಸ್ದೆ. ಗಣಿತದಲ್ಲಿ ನಂಗೆ ಬಂದ ಎಂಬತ್ತನಾಲ್ಕು ಅಂದ್ರೆ ಅಲ್ಲಿ ಬಿ ಅಂತೆ, ಬಿ ಅಂದ್ರೆ ಮೂರು."

"ನಮ್ಮಲ್ಲಿ?"

"ಎ. ಆದ್ರೆ ನಾವೇ ಎ ಅಂತ ಹೇಳ್ಕೊಂಡ್ರೆ ಜಂಬ ಅಂದ್ಕೊಳ್ತಾರೆ."

"ನಿಮ್ಮ ಗಣಿತದ ಮೇಷ್ಟ್ರು ಸ್ವಂತ ಮಗನಿಗೇ ತೊಂಬತ್ತು ಕೊಟ್ಟೋರಲ್ಲ. ಅಂಥವರ ಕೈಯಿಂದ ಎಂಬತ್ತನಾಲ್ಕು ಕಿತ್ಕೊಂಡು ಬಂದು, ನೀನೇ ಅದನ್ನ ಬಿ ಮಾಡ್ತೀಯಾ? ಶಾಲೆ ಕೊಟ್ಟಿದ್ದನ್ನ ಕೊಟ್ಟ ಹಾಗೇ ಕಳಿಸು. ಜೊತೆಗೆ ನಮ್ಮ ಅಳತೆ ಏನು ಅಂತ ನಾನು ಹೇಳ್ತೀನಿ. ಇಳಿಸೋ ಕೆಲಸ ನಿಂದಲ್ಲ."

ಆಮೇಲೆ ಆ ಕಾಲೇಜಿಗೆ ಫೋನ್ ಮಾಡಿದಳು. ಒಮ್ಮೆಯಲ್ಲ, ಅವರು ತಿದ್ದುಪಡಿ ಒಪ್ಪಿಕೊಳ್ಳುವವರೆಗೂ ಮಾಡಿದಳು. ಮಧ್ಯೆ ಉಸಿರು ಕಟ್ಟಿದರೆ ಫೋನನ್ನು ನನ್ನ ಕೈಗೆ ಕೊಟ್ಟು, "ಏನಾದ್ರೂ ಮಾತಾಡ್ತಿರು, ಇಡೋಕೆ ಬಿಡ್ಬೇಡ" ಎನ್ನುತ್ತಿದ್ದಳು. ನಾನು ಅವರಿಗೆ ಇಲ್ಲಿಯ ಮಂಜುಗಡ್ಡೆಯ ವರ್ಣನೆ ಮಾಡುತ್ತಿದ್ದೆ.

ಆದರೆ ಹೀಗೆ ಇಳಿಸಿ ಹೇಳುವುದು ನಾಡೀನಳೊಬ್ಬಳದೇ ತಪ್ಪೇ? ನಾವೆಲ್ಲ ಎಂಥವರು? ಚಾವಣಿ ಹಾರಿಹೋದರೂ ಸ್ವಲ್ಪ ಗಾಳಿ ಇತ್ತು ಎನ್ನುವವರು. ಎಫಿಯೂ ಈ ತೀರದವಳೇ. ಆಸ್ಪತ್ರೆಯಲ್ಲಿ ನೋವು ಹತ್ತಕ್ಕೆ ಎಷ್ಟು ಎಂದು ಕೇಳುತ್ತಾರೆ. ಎಫಿ ಪ್ರತಿ ಸಲವೂ ಮೂರು ಎನ್ನುತ್ತಿದ್ದಳು. ಹಾಗೆನ್ನುವಾಗ ನನ್ನ ಬೆರಳುಗಳು ಅವಳ ಮುಷ್ಟಿಯಲ್ಲಿ ಬಿಳಿಚಿಕೊಳ್ಳುತ್ತಿದ್ದವು. ಬೇರೆ ಊರಿನಿಂದ ಬಂದ ನರ್ಸಮ್ಮ ಮೂರು ಎಂದೇ ನಂಬಿ ಹೋಗುತ್ತಿದ್ದರು. ನಾನು ಬಾಯಿ ಹಾಕಿದರೆ, "ನೋವು ನಂದೋ ನಿಂದೋ?" ಎಂದು ಗದರುತ್ತಿದ್ದಳು.

ಮಾರ್ಚ್ ಕೊನೆಯಲ್ಲಿ ನಾಡೀನ್ ಆಸ್ಪತ್ರೆಗೆ ಓಡಿ ಬಂದಳು.

"ಸೀಟು ಸಿಕ್ತು ಮಿಸ್. ಫೀಸೂ ಅವರೇ ನೋಡ್ಕೊಳ್ತಾರಂತೆ."

"ಎಂಬತ್ತನಾಲ್ಕನ್ನ ಏನಂತ ಓದಿದ್ರಂತೆ?"

"ಎ ಅಂತ."

ಎಫಿ ಕಣ್ಣು ಮುಚ್ಚಿದಳು. ಅಷ್ಟರಲ್ಲಿ ನರ್ಸಮ್ಮ ಬಂದು ಎಂದಿನಂತೆ ಕೇಳಿದರು. ಎಫಿ ಎಂದಿನಂತೆ ಮೂರು ಎಂದಳು. ನಾಡೀನ್ ಅವಳ ಮುಷ್ಟಿಯನ್ನೇ ನೋಡುತ್ತಿದ್ದಳು.

"ಮಿಸ್, ಆ ಮೂರು ಯಾವ ಪಟ್ಟಿ ನೋಡಿ ಇಳಿಸಿದ್ದು?"

ಎಫಿ ನಕ್ಕಳು, ನಗುವುದೂ ಅವಳಿಗೆ ನೋವೇ. ಆಮೇಲೆ ನನ್ನ ಮುಖ ನೋಡಿದಳು.

"ಒಂಬತ್ತು," ಎಂದಳು.

ಸಭಿಕರೇ, ನರ್ಸಮ್ಮ ತಕ್ಷಣ ಹೋಗಿ ಡಾಕ್ಟರನ್ನು ಕರೆತಂದರು. ಔಷಧಿ ಬದಲಾಯಿತು. ಅಂದು ಎಫಿ ನನ್ನ ಕೈಯನ್ನು ಹಿಂಡದೆ, ಸುಮ್ಮನೆ ಹಿಡಿದುಕೊಂಡು ನಿದ್ದೆ ಮಾಡಿದಳು. ನೋವನ್ನು ಬಚ್ಚಿಡುವುದರಲ್ಲೇ ಅವಳ ಉಸಿರೆಲ್ಲ ಖರ್ಚಾಗುತ್ತಿತ್ತು. ಆಮೇಲೆ ಉಳಿದ ದಿನಗಳಲ್ಲಿ ನಾವಿಬ್ಬರೂ ಮಾತಾಡಿದೆವು. ಏನು ಮಾತಾಡಿದೆವು ಎಂಬುದನ್ನು ನಾನು ಇಲ್ಲಿ ಹೇಳಲಾರೆ.

ಬಹುಮಾನ ಓದಿಗೆ ಎಂದು ಫಲಕದ ಮೇಲೆ ಬರೆದಿದೆ. ಇರಲಿ. ನಾನು ಕೊಡುತ್ತಿರುವುದು ಆ ದಿನಗಳಿಗಾಗಿ. ಬಾ ನಾಡೀನ್, ತಗೋಮ್ಮ.

ನನ್ನನ್ನು ಕರೆದುದಕ್ಕೆ, ಕೇಳಿಸಿಕೊಂಡದ್ದಕ್ಕೆ, ಎಫಿಯ ಪರವಾಗಿಯೂ ನನ್ನ ಪರವಾಗಿಯೂ ನಿಮಗೆಲ್ಲ ಋಣಿ. ನಮಸ್ಕಾರ.