ನಿಂತಾಗ ಉರಿಯುವ ದೀಪ

ಕಡೂರಿನ ಬೈಕ್ ಸರ್ವೀಸ್ ಅಂಗಡಿಯ ಬೆಂಚಿನಲ್ಲಿ ಮೊಬೈಲ್ ನೋಡುವವಳಂತೆ ಕೂತಿದ್ದೆ. ಪಕ್ಕದಲ್ಲಿ ತಾಯಿ, ಮಗ. ಎದುರಿಗೆ ಹೆಣ್ಣಿನ ಕಡೆಯವರು ಮದುವೆಗೆ ಕೊಡಿಸಿದ ಬೈಕು. ಸೊಸೆ ಹೂ ತರಲು ಹೋಗಿದ್ದಳು.

"ಮೆಕ್ಯಾನಿಕ್ ಏನಂದ, ದುಷ್ಯಂತ?"

"ಏನೂ ಕೆಟ್ಟಿಲ್ಲ ಕಣಮ್ಮ. ಆ ಬ್ರೇಕಿನ ಎಬಿಎಸ್ ಲೈಟು ಗಾಡಿ ನಿಂತಾಗ ಉರೀತದೆ, ಓಡಿದ್ರೆ ಆರ್ತದೆ. ಅದು ಇರೋದೇ ಹಂಗಂತೆ."

"ನಿಮ್ಮಾವಂಗೆ ಇದು ಗೊತ್ತಾ?"

"ಅವ್ರು ಸೈಕಲ್ಲೂ ಹೊಡ್ದೋರಲ್ಲ."

"ಹಂಗಾದ್ರೆ ನಿಲ್ಸೇ ತೋರ್ಸು. ಬ್ರೇಕ್ ಕೆಟ್ಟಿರೋ ಗಾಡಿ ಕೊಟ್ಟಿದೀರಿ ಅನ್ನು. ದೊಡ್ಡ ಬೈಕ್ ಬರೋಗಂಟ ಅವ್ರ ಮಗಳು ಅವ್ರ ಮನೇಲೇ ಇರ್ಲಿ."

"ಅಳ್ತಾಳೆ ಕಣಮ್ಮ."

"ಅತ್ರೆ ಒಳ್ಳೇದೇ ಕಣೋ. ಅವರಪ್ಪ ಬೇಗ ಕೊಡಿಸ್ತಾನೆ."

ಅವನು ಮಾವನಿಗೆ ವಿಡಿಯೋ ಕಾಲ್ ಮಾಡಿ, ನಿಂತ ಬೈಕಿನ ದೀಪಕ್ಕೆ ಫೋನು ಹಿಡಿದು, ಬ್ರೇಕ್ ಕೆಟ್ಟಿದೆ ಎಂದ.

"ನಮ್ ಹುಡುಗೀನ ಅದ್ರ ಮೇಲೆ ಕೂರಿಸ್ಬೇಡಿ ಕಣಪ್ಪ," ಎಂದಿತು ಮುದುಕನ ದನಿ. "ಬದಲಾಯಿಸ್ಕೊಡ್ತೀನಿ."

ಸೊಸೆ ಬಂದಳು.

"ಗಗನಾ, ನೀನು ಬಸ್ಸಲ್ಲಿ ಅಜ್ಜಂಪುರಕ್ಕೆ, ನಿಮ್ಮಪ್ಪನ ಮನೆಗೆ ಹೋಗು. ಇದ್ರ ಬ್ರೇಕ್ ಸರಿಯಿಲ್ಲ. ಬೇರೆ ಗಾಡಿ ಬಂದ್ಮೇಲೆ ಕರ್ಕೊಂಡ್ ಬತ್ತೀನಿ."

ಅವಳು ತಲೆಯಾಡಿಸಿದಳು. ತಾಯಿ ಅದೇ ಬೈಕಿನ ಹಿಂದೆ ಕೂತರು. ಗಗನಾ ಅತ್ತೆಯ ಸೆರಗನ್ನು ಚಕ್ರಕ್ಕೆ ಸಿಗದಂತೆ ಎತ್ತಿ ಸಿಕ್ಕಿಸಿದಳು.

"ನಿಧಾನಕ್ಕೆ ಹೋಗ್ರೀ, ಅತ್ತೆ ಕೂತವ್ರೆ."