ಹದಿನಾಲ್ಕನೇ ಮನೆಯ ಮಗು

ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಕೊಳೆ ಬಟ್ಟೆಯ ಗಾಡಿ ಹಿಡಿದು ಲಿಫ್ಟ್‌ಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಸಂಶೋಧನೆಯವರಿಬ್ಬರು ನಿಂತಿದ್ದರು. ಒಬ್ಬಳು ಮೇಡಂ, ಇನ್ನೊಬ್ಬಳು ಮನೆಮನೆ ಸುತ್ತಿ ಫಾರಂ ತುಂಬುವ ಹುಡುಗಿ. ಕಾಡಿನಿಂದ ಎಬ್ಬಿಸಿ ತಂದು ಕಾಲೊನಿಯಲ್ಲಿ ಕೂರಿಸಿದ ಬುಡಕಟ್ಟಿನ ಮಕ್ಕಳ ಮೇಲೆ ಇವರ ಅಧ್ಯಯನ. ಅವರ ಪಾಲಿಗೆ ನಾನೂ ಗಾಡಿಯದೇ ಒಂದು ಚಕ್ರ.

“ಹದಿನಾಲ್ಕನೇ ಮನೆಗೆ ಮೂರು ಸಲ ಹೋದೆ ಮೇಡಂ. ತಾಯಿ ಸಿಗಲೇ ಇಲ್ಲ.”

“ಎಷ್ಟೊತ್ತಿಗೆ ಹೋಗಿದ್ದೆ?”

“ಹನ್ನೊಂದಕ್ಕೆ. ನಮ್ಮ ಡ್ಯೂಟಿ ಟೈಮು ಅದೇ ಅಲ್ವಾ?”

“ಹಾಗಾದ್ರೆ ‘ತಾಯಿಗೆ ಕಾಳಜಿ ಇಲ್ಲ’ ಅನ್ನೋ ಕಡೆ ಟಿಕ್ ಹಾಕು.”

“ಪಾಪ, ಕೆಲಸಕ್ಕೆ ಹೋಗಿರ್ತಾಳೆ ಮೇಡಂ. ಇದೇ ಆಸ್ಪತ್ರೇಲಿ ಬಟ್ಟೆ ಒಗೀತಾಳಂತೆ.”

“ಫಾರಂನಲ್ಲಿ ಪಾಪ ಅನ್ನೋಕೆ ಕಾಲಂ ಇದ್ಯೇನಮ್ಮಾ?”

ಹುಡುಗಿ ನಕ್ಕಳು. ಆಮೇಲೆ ದನಿ ತಗ್ಗಿಸಿದಳು.

“ಶಾಲೇಲಿ ರಕ್ತ ತೆಗೆದಿದ್ವಲ್ಲ, ಆ ಮನೆ ಮಗೂಗೆ ಹಿಮೋಗ್ಲೋಬಿನ್ ಐದೇ ಪಾಯಿಂಟ್ ಇದೆ, ಹನ್ನೊಂದಾದ್ರೂ ಇರ್ಬೇಕಿತ್ತು. ತಾಯಿಗೆ ಹೇಳ್ಬೇಕಲ್ವಾ?”

“ಹೇಳಿದ್ರೆ ಓಡಿ ಬಂದು ಔಷಧಿ ಕೊಡಿಸ್ತಾಳೆ. ಮುಂದಿನ ವರ್ಷ ಮತ್ತೆ ರಕ್ತ ನೋಡುವಾಗ ನಮ್ಮ ಅಂಕಿ ಎಲ್ಲಾ ಕೆಟ್ಟುಹೋಗುತ್ತೆ.”

“ಅಷ್ಟರೊಳಗೆ ಮಗೂಗೆ ಏನಾದ್ರೂ ಆದ್ರೆ?”

“ಅದಕ್ಕೆ ಕಾಲಂ ಇದೆ.”

ಲಿಫ್ಟ್ ಬಂತು. ಮೇಡಂ ತನ್ನ ಬಿಳಿ ಕೋಟು ಬಿಚ್ಚಿ ನನ್ನ ಗಾಡಿಗೆ ಎಸೆದಳು.

“ನಾಳೆ ಮೀಟಿಂಗ್ ಇದೆ. ಚೆನ್ನಾಗಿ ಒಗೆಯೋಕೆ ಹೇಳಪ್ಪ.”

ನನ್ನನ್ನು ಹೊರಗೇ ಬಿಟ್ಟು ಬಾಗಿಲು ಮುಚ್ಚಿಕೊಂಡಿತು. ಗಾಡಿಯನ್ನು ಅಲ್ಲೇ ಬಿಟ್ಟು, ಎರಡೆರಡು ಮೆಟ್ಟಿಲು ಹಾರಿ ಕೆಳಗೆ ಓಡಿದೆ. ಆ ಕಾಲೊನಿಯಿಂದ ಬಂದು ಬಟ್ಟೆ ಒಗೆಯುವ ಅಕ್ಕನಿಗೆ ನಾನು ಹೇಳಬೇಕಾದ್ದು ಕೋಟಿನ ವಿಷಯವಲ್ಲ.